ಚೈತನ್ಯಾಳಿಗಾಗಿ ಅಮ್ಮ ಹಾಕಿದ ಪ್ರದಕ್ಷಿಣೆ

ಮಗಳು ಆಟದ ಪಿರಿಯಡ್ಡಿಗೆ ಹೋಗುವುದಿಲ್ಲ. ಮೂರು ಮಹಡಿ ಹತ್ತಿದರೆ ಏದುಸಿರು. ಯಾವ ಮನೆಯಲ್ಲಿಲ್ಲ ಈ ಚಿಂತೆ? ತೆಲುಗು ನಾಡಿನ ಗಾಜುವಾಕದ ಬಾಡಿಗೆ ಮನೆಯಲ್ಲಿ ಗಿರಿಜಾ ಅವರಿಗೂ ಇದೇ ಕೊರಗು. ಗಂಡನಿಗೆ ಬ್ಯಾಂಕಿನ ವರ್ಗಾವಣೆಯಾಗಿ ತುಮಕೂರಿನಿಂದ ಬಂದವರು. ಮಗಳು ಚೈತನ್ಯಾ ಒಂಬತ್ತನೇ ತರಗತಿ.

ಒಂದು ಶನಿವಾರ ಗಿರಿಜಾ ಮಗಳನ್ನು ಆಂಜನೇಯನ ಗುಡಿಗೆ ಕರೆದುಕೊಂಡು ಹೋದರು. ಅರ್ಚಕರು ಗೋತ್ರ, ನಕ್ಷತ್ರ ಕೇಳಿ, ಕೋರಿಕೆ ಏನೆಂದರು.

"ಅಮ್ಮಾಯಿ ಸನ್ನಗಾ ಅವ್ವಾಲಿ ಸ್ವಾಮಿ!" ಹುಡುಗಿ ತೆಳ್ಳಗಾಗಬೇಕು ಎಂದು ಗಿರಿಜಾ ಗಟ್ಟಿಯಾಗಿಯೇ ಹೇಳಿದರು. ಹಿಂದೆ ನಿಂತಿದ್ದ ಚೈತನ್ಯಾಳ ಸಹಪಾಠಿಗಳು ಕಿಸಕ್ಕನೆ ನಕ್ಕರು.

ಗಿರಿಜಾ ಇಪ್ಪತ್ತೊಂದು ಪ್ರದಕ್ಷಿಣೆ ಹಾಕಿದರು. ಮಗಳು ದುಪಟ್ಟಾದಲ್ಲಿ ಹೊಟ್ಟೆ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಳಿತೇ ಇದ್ದಳು.

ಅಂದಿನಿಂದ ತಟ್ಟೆ ಮುಂದಿಟ್ಟರೆ "ವದ್ದಮ್ಮಾ, ಬೇಡ" ಎನ್ನತೊಡಗಿದಳು. ನಾಲ್ಕನೇ ದಿನ ಬಚ್ಚಲಲ್ಲಿ ತಲೆಸುತ್ತಿ ಬಿದ್ದಳು. ಎದುರು ಮನೆಯ ಹರ್ಷಿತಾ ಓಡಿ ಬಂದು ಅವಳನ್ನು ಮಂಚದ ಮೇಲೆ ಮಲಗಿಸಿದಳು. ದಾವಣಗೆರೆಯ ಹುಡುಗಿ, ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್.

"ತೆಳ್ಳಗಾಗ್ಲಿ ಅಂತ ಗುಡೀಲಿ ಇಪ್ಪತ್ತೊಂದು ಸುತ್ತೂ ಹಾಕ್ದೆ ಕಣಮ್ಮಾ, ಇವಳು ಮೆಟ್ಟಿಲ ಮೇಲೆ ಕೂತೇ ಇದ್ಲು. ಇನ್ನೇನು ಮಾಡ್ಲಿ?" ಗಿರಿಜಾ ಅತ್ತರು.

"ಅಲ್ಲಕ್ಕಾ, ಸುತ್ತು ಹಾಕಿದ್ದು ನೀವು, ಕೂತಿದ್ದು ಅವಳು. ತೆಳ್ಳಗಾಗೋದು ಯಾರು?"

"ಆಟಕ್ಕೆ ಹೋಗೇ ಅಂತ ದಿನಾ ಬಡ್ಕೋತೀನಿ. ಸೋಮಾರಿ!"

"ಸೋಮಾರಿತನ ಅಲ್ಲ, ನಾಚಿಕೆ. ಓಡಿದ್ರೆ ನಗ್ತಾರೆ ಅಂತ ಕೂರ್ತಾಳೆ. ಕೂತಷ್ಟೂ ನನ್ನ ಕೈಲಾಗಲ್ಲ ಅನ್ಸುತ್ತೆ. ಬೆಳೆಯೋ ವಯಸ್ಸಲ್ಲಿ ಮೈ ಬದಲಾಗುತ್ತಕ್ಕಾ. ಉಪವಾಸ ಬಿದ್ರೆ ಶಕ್ತಿ ಹೋಗುತ್ತೆ, ಅಷ್ಟೇ."

ಗೋಡೆಯ ಕಡೆ ತಿರುಗಿ ಮಲಗಿದ್ದ ಚೈತನ್ಯಾ ಹೇಳಿದಳು: "ಅಕ್ಕಾ, ಅಮ್ಮ ದೇವ್ರ ಹತ್ರಾನೂ ನನ್ಮೇಲೆ ಚಾಡಿ ಹೇಳಿದ್ಲು."

ಗಿರಿಜಾ ಮಗಳ ಪಕ್ಕ ಬಂದು ಕುಳಿತರು. "ತಪ್ಪಾಯ್ತು ಪುಟ್ಟಾ. ಇನ್ಮೇಲೆ ಆ ಮಾತೆತ್ತಲ್ಲ" ಎಂದರು. ಮಗಳು ತಿರುಗಲಿಲ್ಲ.

ಹರ್ಷಿತಾ ಅವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಳು. ಭಾನುವಾರ ಬಾಗಿಲು ತಟ್ಟಿ, "ಟೆರೇಸಿಗೆ ಬಾರೇ, ಶಟಲ್ ಆಡೋಣ. ನಂಗೂ ಸರಿಯಾಗಿ ಬರಲ್ಲ" ಎಂದಳು. ನೋಡುವವರಿಲ್ಲದ ಆ ಟೆರೇಸಿನಲ್ಲಿ ಚೈತನ್ಯಾ ಹತ್ತು ನಿಮಿಷ ಆಡಿದಳು. ಮರುದಿನ ಹೋಗಲಿಲ್ಲ. ಅದರ ಮರುದಿನ ಹೋದಳು. ಶಾಲೆಯ ಮೈದಾನಕ್ಕೆ ಇನ್ನೂ ಇಳಿದಿಲ್ಲ. ಅಮ್ಮನೊಡನೆ ಮಾತೂ ಅಷ್ಟಕ್ಕಷ್ಟೇ. ಆದರೆ ಬಡಿಸಿದರೆ ಉಣ್ಣುತ್ತಾಳೆ.

ತಾಯಂದಿರೇ, ತಂದೆಯರೇ, ಆ ಮೈ ಭಗವಂತ ಕೊಟ್ಟದ್ದು. ಮಗು ಅದರೊಳಗೇ ಬಾಳಬೇಕು. ದಪ್ಪ, ಸಣಕಲು ಎಂದು ತಮಾಷೆಗೂ ಕರೆಯಬೇಡಿ. ದಿನಕ್ಕೊಂದು ಗಂಟೆ ಮಗು ಮೆಚ್ಚುವ ಆಟವೋ, ನಡಿಗೆಯೋ, ಕುಣಿತವೋ ಇರಲಿ. ಶುರುವಿಗೆ ಹತ್ತು ನಿಮಿಷವಾದರೂ ಸರಿ. ಊಟ ಬಿಟ್ಟರೆ ವೈದ್ಯರಿಗೆ ತೋರಿಸಿ. ಇವತ್ತು ಸಂಜೆ "ಬಾ, ಆಡೋಣ" ಎಂದು ಕರೆಯಿರಿ. ಬರದಿದ್ದರೆ ಬೈಯಬೇಡಿ. ನಾಳೆಯೂ ಕರೆಯಿರಿ.