ಅತ್ತೆ ಬಿಡುವ ತುತ್ತು

ಹಬೆ ಅತ್ತೆಯ ಕನ್ನಡಕವನ್ನು ಮುಚ್ಚಿಬಿಟ್ಟಿದೆ, ಅದರ ಹಿಂದೆ ಕಣ್ಣು ಏನನ್ನುತ್ತಿದೆಯೋ ದೇವರೇ ಬಲ್ಲ, ಮೂಗು ಮಾತ್ರ ಬಟ್ಟಲಿನ ಮೇಲೆ ಬಗ್ಗಿದೆ, ಮೂಗು ಸುಳ್ಳು ಹೇಳುವುದಿಲ್ಲ, ಬಗ್ಗಿತಲ್ಲ, ಅಷ್ಟು ಸಾಕು — ಇಲ್ಲ, ಸಾಲದು, ಕೊನೆಯ ತುತ್ತು ಗಂಟಲಿಳಿಯುವವರೆಗೆ ಯಾವುದೂ ಸಾಲದು ಅಂತ ಈ ಸೊಸೆಗೆ ಗೊತ್ತಿಲ್ಲವೇ, ಹದಿನಾಲ್ಕು ವರ್ಷದಿಂದ ಅದನ್ನೇ ನೋಡುತ್ತ ಬಂದವಳು, ಏನು ಮಾಡಿ ಬಡಿಸಿದರೂ ತಟ್ಟೆಯ ಅಂಚಿಗೆ ಒಂದು ತುತ್ತು ಒತ್ತರಿಸಿಟ್ಟೇ ಏಳುವುದು, ಬೈಗುಳವಿಲ್ಲ ಮುನಿಸಿಲ್ಲ, ಪರವಾಗಿಲ್ಲಮ್ಮ ಚೆನ್ನಾಗೇ ಇದೆ ಅನ್ನುತ್ತಲೇ ಬಿಡುವ ತುತ್ತು, ಬೈದರೆ ತಿರುಗಿ ಎರಡು ಮಾತಾಡಬಹುದು, ತುತ್ತಿಗೆ ಏನಂತ ಉತ್ತರ ಕೊಡುವುದು. ಗಲ್ಲಾದ ಹಿಂದೆ ಕಾಫಿ ಅಂಗಡಿಯ ಮಾಲೀಕ ಅದೇ ಲೋಟವನ್ನು ನಾಲ್ಕನೇ ಸಲ ಒರೆಸುತ್ತಿದ್ದಾನೆ, ಈ ಪರೀಕ್ಷೆ ಅವನದೇ, ಹೋದ ವಾರ ಇವಳು ಮಾಡಿಕೊಟ್ಟ ಮೂರು ಬಗೆಯ ನೂಡಲ್ಸನ್ನೂ ತಿಂದು ಬಾಯೊರೆಸಿಕೊಂಡು, ನಂಗೇನೋ ಹಿಡಿಸ್ತು ಕಣಮ್ಮ, ಆದ್ರೆ ನನ್ನ ನಾಲಿಗೆ ನಂಬೋ ಹಾಗಿಲ್ಲ, ನಿಮ್ಮತ್ತೇನ ಕರ್ಕೊಂಡು ಬನ್ನಿ, ಮಾಡಿದ್ದು ಯಾರು ಅಂತ ಮಾತ್ರ ಹೇಳ್ಬೇಡಿ, ಇಪ್ಪತ್ತು ವರ್ಷದಿಂದ ನನ್ನ ಕಾಫೀಲೂ ಒಂದು ಗುಟುಕು ಬಿಟ್ಟೇ ಹೋಗೋರು ಅವರು, ಅವರು ಮೂರೂ ಬಟ್ಟಲು ಖಾಲಿ ಮಾಡಿದ್ರೆ ನಾಳೆಯಿಂದ ಬೋರ್ಡ್ ಮೇಲೆ ಬರೀತೀನಿ, ಮಧ್ಯಾಹ್ನದವರೆಗೆ ಅಡುಗೆಮನೆ ನಿಮ್ದೇ. ನಿಮ್ದೇ! ಆ ಮಾತು ಕೇಳಿದಾಗ ಸ್ವರ್ಗಕ್ಕೆ ಮೂರೇ ಗೇಣು, ಮನೆಗೆ ಹೇಗೆ ನಡೆದು ಬಂದಳೋ ನೆನಪಿಲ್ಲ, ಅತ್ತೆಯ ಹೊಲಿಗೆ ಅಂಗಡಿಯಲ್ಲಿ ಅತ್ತೆ ಕತ್ತರಿಸಿದ್ದನ್ನು ಹೊಲಿದದ್ದು ಸಾಕು, ಇನ್ನು ತಾನೇ ಕತ್ತರಿಸುವುದು, ಬಟ್ಟೆಯಲ್ಲದಿದ್ದರೆ ಹಿಟ್ಟನ್ನು.

ಮೊದಲನೆಯದು ಸಾರಿನ ನೂಡಲ್ಸ್, ಅದು ಇಳಿಯಿತು, ಇಳಿದೇಬಿಟ್ಟಿತು, ಅತ್ತೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕುಡಿದಾಗ ಮಾಲೀಕನ ಕೈ ನಿಂತುಹೋದದ್ದನ್ನು ಇವಳು ನೋಡಲಿಲ್ಲವೇ, ಗಂಡ ಮಾತ್ರ ನಾಟಕದಲ್ಲಿ ಮರದ ಪಾತ್ರ ಹಾಕಿದವನ ಹಾಗೆ ಕೂತಿದ್ದಾನೆ, ಮಗಳ ಬಾಯಿಗೆ ಬೀಗ, ಹುಡುಗಿ ಮುಖ ಕೆಂಪಗಾಗುವಷ್ಟು ನಗು ಹಿಡಿದಿಟ್ಟುಕೊಂಡಿದ್ದಾಳೆ, ಅತ್ತೆ ಮಗನ ಕಡೆ ನೋಡಿ, ಯಾಕೋ ನಿನಗೇನಾಯ್ತು ಕಲ್ಲು ನುಂಗಿದವನ ಹಾಗೆ, ಏನಿಲ್ಲಮ್ಮ ಖಾರ, ಇದರಲ್ಲಿ ಖಾರ ಎಲ್ಲಿದೆಯೋ. ಎರಡನೆಯದು ಹುರಿದದ್ದು, ಅದೂ ಖಾಲಿ, ಎಲೆಕೋಸಿನ ಚೂರನ್ನೂ ಬಿಡದೆ, ಆಮೇಲೆ ಅತ್ತೆ ಇವಳ ಕಡೆ ತಿರುಗಿ, ನೋಡು, ಹಿಟ್ಟು ನಾದೋದು ಅಂದ್ರೆ ಇದು, ನಾಚಿಕೆ ಬಿಟ್ಟು ಆ ಅಡುಗೆಯವನ ಹತ್ರ ನಾಲ್ಕು ದಿನ ಕಲಿತ್ಕೊಂಡು ಬಾ — ಹೂಂ ಅತ್ತೆ, ಕೇಳ್ತೀನಿ, ಹೇಳಿಕೊಟ್ರೆ ಕಲೀತೀನಿ — ಅಯ್ಯೋ, ಎಂಥ ಸುಖ, ಹದಿನಾಲ್ಕು ವರ್ಷದ ತುತ್ತುಗಳೆಲ್ಲ ಸೇರಿ ಒಂದೇ ಸಲ ಹೊಟ್ಟೆಗೆ ಬಿದ್ದ ಹಾಗೆ, ಎದ್ದು ನಿಂತು ಕೂಗಿಬಿಡಲೇ, ಆ ಅಡುಗೆಯವನು ನಾನೇ ಕಣತ್ತೆ ಅಂತ, ಬೇಡ, ತಡಿ, ಇನ್ನೊಂದು ಬಟ್ಟಲಿದೆ, ಆತುರಗಾರನಿಗೆ ಬುದ್ಧಿ ಮಟ್ಟ.

ಮೂರನೆಯದು ತಣ್ಣನೆಯದು, ಎಳ್ಳು ಅರೆದು ಹಾಕಿದ್ದು, ಮುಕ್ಕಾಲು ಮುಗಿಯಿತು, ಇನ್ನು ಎರಡು ತುತ್ತು, ಇನ್ನು ಒಂದು, ಆ ಒಂದು, ಫೋರ್ಕ್ ಅದನ್ನು ಸುತ್ತಿ ಮೇಲೆತ್ತುತ್ತದೆ, ಅರ್ಧಕ್ಕೇ ನಿಲ್ಲುತ್ತದೆ, ಫೋರ್ಕಿನ ತುದಿಯಲ್ಲಿ ಒಂದು ಗಂಟು. ಅತ್ತೆಯ ಗಂಟು — ಮದುವೆಯಾದ ಮೊದಲ ವಾರ ಹೊಲಿಗೆ ಅಂಗಡಿಯ ಮಣೆಯ ಮೇಲೆ ಕೂರಿಸಿ, ನೂಲಿನ ಲಡಿ ಸಿಕ್ಕಾಗಬಾರದು ಅಂದ್ರೆ ಹೀಗೆ ಕಟ್ಟು, ಎರಡು ಸುತ್ತು, ಬಾಲ ಎಡಕ್ಕೆ, ಬಿಟ್ರೆ ನಿಲ್ಬೇಕು ಎಳೆದ್ರೆ ಬಿಚ್ಬೇಕು, ಎಂದು ನೂರು ಸಲ ಕಟ್ಟಿಸಿದ ಗಂಟು, ಬೆಳಿಗ್ಗೆ ಕತ್ತರಿಸಿದ ನೂಡಲ್ಸ್ ಎಳೆಗಳನ್ನು ಒಂದೊಂದು ಹಿಡಿಯಾಗಿ ಅದೇ ಗಂಟು ಹಾಕಿ ಸಾಲಾಗಿ ಇಟ್ಟಿದ್ದಳು, ಕೈಗೆ ಬೇರೆ ಗಂಟು ಗೊತ್ತಿದ್ದರೆ ತಾನೇ, ಬೇಯಿಸುವಾಗ ಬಿಚ್ಚಿಯೂ ಇದ್ದಳು, ಎಲ್ಲವನ್ನೂ, ಇದೊಂದನ್ನು ಬಿಟ್ಟು. ಅತ್ತೆ ಫೋರ್ಕನ್ನು ಬಟ್ಟಲಿನ ಅಂಚಿಗೆ ಒರಗಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಳ್ಳುತ್ತಾಳೆ, ಗಂಟನ್ನು ನೋಡುತ್ತಾಳೆ, ಬಾಲ ಎಡಕ್ಕಿದೆ, ಆಮೇಲೆ ಇವಳ ಕೈಗಳನ್ನು, ಮೇಜಿನ ಕೆಳಗೆ ಬಚ್ಚಿಡಬೇಕು ಎಂದುಕೊಂಡ ಕೈಗಳು ಅಲುಗಲೂ ಒಲ್ಲವು, ಇರಲಿ, ನೋಡಲಿ, ಉಗುರಿನ ಸಂದಿಯ ಹಿಟ್ಟನ್ನೂ ನೋಡಲಿ, ಮಗಳು ಕಣ್ಣು ಮುಚ್ಚಿಕೊಂಡಿದ್ದಾಳೆ, ಈಗ ಫೋರ್ಕನ್ನು ಮತ್ತೆ ಎತ್ತದಿದ್ದರೆ ಮುಗಿಯಿತು, ಬೋರ್ಡೂ ಇಲ್ಲ ಅಡುಗೆಮನೆಯೂ ಇಲ್ಲ. ಈ ಗಂಟು ಹಾಕೋರು ಇಬ್ಬರೇ ಅಲ್ವಾ, ಎಂದಳು ಅತ್ತೆ, ಬಹಳ ಮೆಲ್ಲಗೆ, ಮಾಲೀಕನಿಗೆ ಕೇಳಿಸದಷ್ಟು. ಹೌದು ಅತ್ತೆ. ಫೋರ್ಕ್ ಬಟ್ಟಲಿನ ಅಂಚಿನ ಮೇಲಿದೆ, ಅಲ್ಲೇ ಇದೆ, ಇನ್ನೂ ಅಲ್ಲೇ — ಮೇಲೇಳುತ್ತಿದೆ, ಗೆದ್ದೆ, ಬಾಯಿ ತೆರೆಯುತ್ತದೆ, ಗೆದ್ದೆನಲ್ಲ, ಗಂಟು ಒಳಗೆ ಹೋಯಿತು, ಬಿಚ್ಚಲಿಲ್ಲ, ಇಡೀ ಗಂಟನ್ನೇ, ಅತ್ತೆಯ ದವಡೆ ನಿಧಾನವಾಗಿ ಅದನ್ನು ಅಗಿಯುತ್ತಿದೆ, ಗಂಟು, ಅಗಿಯುತ್ತಲೇ ಇದೆ, ಆ ಗಂಟು.