ನಡುವಿನ ಚುಕ್ಕೆ

ಪರದೆಯ ಮೂಲೆಯಲ್ಲಿ ಶೇಕಡಾ ಅರವತ್ತೆರಡು, ಅರವತ್ತಮೂರು, ಗಣಕದೊಳಗಿನ ಸುಳ್ಳು ಚರ್ಮದ ಮೇಲೆ ಫೋಟಾನುಗಳು ಬೀಳುತ್ತಿವೆ, ಒಂದು ಕೋಟಿ ಬೆಳಕಿನ ಕಣ, ಫ್ಯಾನು ಗುಂಯ್‌ಗುಡುತ್ತಿದೆ, ಚಹಾ ಕೆನೆಗಟ್ಟಿದೆ, ಈ ಸಲ ಇವಳು ಲೆಕ್ಕದಲ್ಲಿ ಲೇಸರನ್ನು ಇದ್ದದ್ದು ಇದ್ದ ಹಾಗೇ ಬರೆದಿದ್ದಾಳೆ, ನಡುವೆ ಪ್ರಖರ, ಅಂಚಿಗೆ ಮಂದ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು, ಹೋದ ವರ್ಷವೇ ಬರೆಯಬಹುದಿತ್ತಲ್ಲ, ಮೂರು ದಿನದ ಅಳತೆ ಕೆಲಸ ಅಷ್ಟೇ, ಆಗ ಏನು ಆತುರವೋ, ಬೆಳಕು ಎಲ್ಲೆಡೆ ಒಂದೇ ಸಮ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಂಡಳು — ಟಾರ್ಚ್ ಮಾಮ ಹೇಳಿರಲಿಲ್ಲವೇ, ಲೇಸರ್ ಜೋಡಿಸುವ ಮುದುಕ, ಜೇಬಿನಲ್ಲಿ ಸದಾ ಟಾರ್ಚು, ಬಿಳಿ ಕಾರ್ಡಿನ ಮೇಲೆ ಲೇಸರ್ ಬೆಳಕು ಬಿಟ್ಟು, ಅಮ್ಮಾ ಇಲ್ನೋಡಿ, ನಡುವೆ ಚುಕ್ಕೆ ಹೇಗೆ ಉರೀತಿದೆ, ಕಾರ್ಡೇ ಕಂದಿಹೋಯ್ತು, ಅಯ್ಯೋ ಬಿಡಿ ಮಾಮ, ಸರಾಸರಿ ತಗೊಂಡ್ರೆ ಎಲ್ಲ ಸರಿಹೋಗತ್ತೆ, ನಕ್ಕಿದ್ದಳು ಬೇರೆ, ಪಾಪಿ, ಆಸ್ಪತ್ರೆಯವರು ಆ ಲೆಕ್ಕ ನಂಬಿ ಮಚ್ಚೆ ತೆಗೆಯುವ ಲೇಸರಿನ ಶಕ್ತಿ ಏರಿಸಿದರು, ಅಕ್ಕನ ಕೆನ್ನೆಗೆ ಸರಾಸರಿ ಗೊತ್ತೇನು — ಹುಟ್ಟಿನಿಂದ ಎಡಗೆನ್ನೆಯಲ್ಲಿ ಕೆಂಪು ಮಚ್ಚೆ, ಎಲ್ಲ ಫೋಟೋದಲ್ಲೂ ಆ ಕೆನ್ನೆಯನ್ನು ಗೋಡೆಗೆ ಕೊಟ್ಟು ನಿಂತವಳು, ಯಾರು ಹೇಳಿದರೂ ಡಾಕ್ಟರ ಹತ್ತಿರ ಹೋಗದವಳು, ನಿನ್ನ ಲೆಕ್ಕ ಅಲ್ವೇನೇ, ನಾನ್ಯಾಕೆ ಹೆದರ್ಲಿ, ಅಂತ ಹೋಗಿ ಕೂತಳಲ್ಲ, ಕಣ್ಣುಮುಚ್ಚಿ, ಇವಳ ಕೈ ಹಿಡಿದು, ಸುತ್ತಲ ಕೆಂಪು ತಿಳಿಯಾಯಿತು, ಹೌದು, ನಡುವೆ ಎರಡು ಪಟ್ಟು ಬೆಳಕು ಬಿದ್ದು ಸುಟ್ಟಿತು, ಸಾಸಿವೆಯಷ್ಟು ಕಪ್ಪು, ನನ್ನ ಚರ್ಮವೇ ಸರಿಯಿಲ್ಲ ಕಣೇ, ನೀನ್ಯಾಕೆ ಅಳ್ತೀಯ, ಆಗ ಇವಳು ಏನಂದಳು, ಹೂಂ ಅಂದಳು, ಬರೀ ಹೂಂ, ಎಂಟು ತಿಂಗಳಾದರೂ ನಿಜ ಹೇಳಿಲ್ಲ, ಎಂಬತ್ತೊಂಬತ್ತು, ತೊಂಬತ್ತು, ಬೆಳಗ್ಗೆ ಅಕ್ಕನ ಫೋನು, ನಾಲ್ಕು ಗಂಟೆಗೆ ಅಲ್ಲಿಗೇ ಬರ್ತೀನಿ, ಲೇಸರಿಗೆ ಇನ್ನೊಂದು ಸಲ ಕೂರ್ಲಾ, ನೀನೇ ಹೇಳು, ಚರ್ಮಕ್ಕೆ ದಿನಾ ಮುಲಾಮು ಹಚ್ಚಿ ಹದ ಮಾಡ್ಕೊಂಡಿದೀನಿ — ಮುಲಾಮು, ದಿನಾ, ಇಲ್ಲದ ತಪ್ಪಿಗೆ — ತಪ್ಪು ನಿನ್ನದಲ್ಲ ಕಣಕ್ಕ, ನನ್ನದು, ಹೀಗೇ ಹೇಳಿಬಿಡಬೇಕು, ಅವಳು ಕೂತ ಮೇಲೆ, ಇಲ್ಲ, ಬಾಗಿಲಲ್ಲೇ, ನೂರು, ಚಿತ್ರ ಮೂಡಿತು, ಹೊರಗೆ ಚಪ್ಪಲಿ ಸದ್ದು, ಏನೇ, ಲೆಕ್ಕ ಸರಿಬಂತಾ, ಅಕ್ಕ ಆಗಲೇ ಒಳಗೆ, ಬಗ್ಗಿ ಪರದೆ ನೋಡುತ್ತಿದ್ದಾಳೆ, ಎಡಗೆನ್ನೆ ಇವಳ ಭುಜದ ಪಕ್ಕದಲ್ಲೇ, ಮುಲಾಮಿನ ವಾಸನೆ, ಪರದೆಯಲ್ಲಿ ತಿಳಿಗೆಂಪು ವೃತ್ತ, ಅದರ ನಡುವೆ ಸಾಸಿವೆಯಷ್ಟು ಕಪ್ಪು, ಅಕ್ಕನ ಬೆರಳು ತಾನಾಗಿ ಕೆನ್ನೆಗೆ ಹೋಗುತ್ತದೆ, ಇದು ನನ್ನದಲ್ವೇನೇ, ಇಲ್ಲಿಗೆ ಹೇಗೆ ಬಂತು, ಇವಳು ಬಾಯಿ ತೆರೆಯುತ್ತಾಳೆ, ಕಾರ್ಡಿನಲ್ಲಿ, ಕೆನ್ನೆಯಲ್ಲಿ, ಇಲ್ಲಿ, ಚುಕ್ಕೆ, ನಡುವೆ ಆ ಚುಕ್ಕೆ —