ಅಲುಗದ ನೆಲ ಹುಡುಕಿದ ಅಂಜುಟಗಿ ಮಾಸ್ತರರು

ಲಾರಿ ಬರುವ ಸದ್ದು ಕೇಳಿದರೆ ಎಲ್ಲರೂ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತಾರೆ. ಬಸಂತರಾಯ ಅಂಜುಟಗಿ ಮಾಸ್ತರರು ಹಾಗೆ ಸರಿದ ಮೇಲೆ ಒಂದು ಚಪ್ಪಲಿ ಕಳಚಿ, ಬರಿಯ ಪಾದವನ್ನು ನೆಲಕ್ಕೊತ್ತಿ, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಲಾರಿ ಹೋಗಿ, ಧೂಳು ಕೂತು, ಹಿಂದೆ ಬಂದ ಸೈಕಲ್ಲಿನವನು "ಜರಾ ಸರೀರಿ ಮಾಸ್ತರ" ಎಂದು ಬೇಸತ್ತು ಹೇಳಿದರೂ ಕಣ್ಣು ತೆರೆಯದೆ, "ಇನ್ನೂ ಐತಿ ನೋಡ್ರಿ, ಇನ್ನೂ ಐತಿ" ಎನ್ನುತ್ತಿದ್ದರು. ಲಾರಿ ಕಣ್ಮರೆಯಾದ ಮೇಲೂ ನೆಲದೊಳಗೆ ಉಳಿದಿರುತ್ತಿದ್ದ ಅದರ ನಡುಕದ ಮಾತು ಅದು. ತೊಂಬತ್ತೊಂದರಲ್ಲಿ ವಿಜಾಪುರ ಜಿಲ್ಲೆಯ ಇಂಡಿ ಎಂಬ ಊರಿನ ಕಾಲೇಜಿಗೆ ಕನ್ನಡದ ಅಧ್ಯಾಪಕನಾಗಿ ಬಂದ ನಾನು ಮೊದಲ ವಾರವೇ ಈ ದೃಶ್ಯವನ್ನು ಕಂಡು, ಇವರಿಗೆಲ್ಲೋ ಒಂದು ತಿರುಪು ಸಡಿಲವಾಗಿದೆಯೆಂದು ತೀರ್ಮಾನಿಸಿ, ಸಿಂದಗಿಯ ನಮ್ಮ ಮನೆಯಲ್ಲಿ ಅದನ್ನೇ ವಾರ್ತೆಯಂತೆ ವರದಿ ಮಾಡಿದ್ದೆ.

ಭೌತಶಾಸ್ತ್ರ ಅವರ ವಿಷಯ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ಹೊಲಿಸಿದ ಕಂದು ಕೋಟೊಂದನ್ನು ಅವರು ಇಂಡಿಯ ಬೇಸಿಗೆಯಲ್ಲೂ ಬಿಡುತ್ತಿರಲಿಲ್ಲ. ಅದರ ಎಡಜೇಬಿನಲ್ಲಿ ಸೀಮೆಸುಣ್ಣ, ಬಲಜೇಬಿನಲ್ಲಿ ಸದಾ ಒಂದೆರಡು ನಿಂಬೆಕಾಯಿ. ಹೀಗಾಗಿ ಅವರು ಹಾದುಹೋದ ಓಣಿಯಲ್ಲಿ ಸುಣ್ಣವೂ ನಿಂಬೆಯೂ ಬೆರೆತ ಒಂದು ವಿಲಕ್ಷಣ ಪರಿಮಳ ಕೊಂಚ ಹೊತ್ತು ನಿಲ್ಲುತ್ತಿತ್ತು. ಯಾವ ವಸ್ತುವನ್ನೂ ಒಂಟಿಯಾಗಿ ನೋಡಲು ಅವರಿಗೆ ಬರುತ್ತಿರಲಿಲ್ಲ. "ಇವತ್ತ ಬಿಸಲು ಭಾಳ ಐತ್ರಿ" ಎಂದರೆ ಸಾಕು, ಎರಡೂ ಅಂಗೈಗಳನ್ನು ತಕ್ಕಡಿಯ ತಟ್ಟೆಗಳಂತೆ ಮೇಲೆತ್ತಿ, "ಯಾವುದಕ್ಕ ಹೋಲಿಸಿ?" ಎಂದು ಕೇಳುತ್ತಿದ್ದರು. ಚಹಾ ಚೆನ್ನಾಗಿದೆ ಎಂದರೂ ಅದೇ, ಪ್ರಾಚಾರ್ಯರು ಕೆಟ್ಟವರೆಂದರೂ ಅದೇ. ಒಮ್ಮೆ ಹಲ್ಲುನೋವಿನಿಂದ ನರಳುತ್ತಿದ್ದ ನನಗೂ ಈ ಪ್ರಶ್ನೆ ಬಂದಾಗ ನಾನು ಎರಡು ದಿನ ಅವರೊಡನೆ ಮಾತು ಬಿಟ್ಟಿದ್ದೆ.

ಆದರೆ ತರಗತಿಯಲ್ಲಿ ಅವರದು ಬೇರೆಯೇ ಅವತಾರ. ಕ್ವಾಂಟಮ್ ಎಂಬ ಪದವನ್ನು ನಾನು ಮೊದಲು ಕೇಳಿದ್ದು ಅವರ ತರಗತಿಯ ಕಿಟಕಿಯ ಹೊರಗೆ ನಿಂತು. ಬಲಜೇಬಿನ ನಿಂಬೆಕಾಯಿಯನ್ನು ಮೇಜಿನ ಮೇಲಿಟ್ಟು, "ನಮ್ಮ ಬಜಾರದಾಗ ಜ್ವಾಳ ಹ್ಯಾಂಗ ಕೊಡ್ತಾರ? ತೂಕಕ್ಕ. ನಿಂಬಿಕಾಯಿ? ಎಣಿಕಿಗೆ. ಅರ್ಧಾ ನಿಂಬಿಕಾಯಿ ಕೊಡ್ರಿ ಅಂದ್ರ ಯಾರೂ ಕೊಡೂದಿಲ್ಲ. ಬೆಳಕು ಜ್ವಾಳದಂಗ ಅಂತ ಮಂದಿ ತಿಳದಿದ್ರು. ಅದು ನಿಂಬಿಕಾಯಿ ಐತಿ, ಎಣಿಕಿಗೇ ಬರತೈತಿ. ಆ ಒಂದೊಂದು ಕಾಯಿಗೆ ಕ್ವಾಂಟಮ್ ಅಂತಾರ" ಎಂದು ಹೇಳುತ್ತಿದ್ದರು. ಸಂಶೋಧನೆ ಮಾಡಬೇಕೆಂಬ ಆಸೆ ಹೊತ್ತಿದ್ದ ಆ ಮನುಷ್ಯ ತಂದೆ ತೀರಿಕೊಂಡದ್ದರಿಂದ ಊರಿಗೆ ಮರಳಿ, ಊರಾಚೆಯ ನಿಂಬೆ ತೋಟವನ್ನೂ ಕಾಲೇಜಿನ ಮುರುಕು ಪ್ರಯೋಗಶಾಲೆಯನ್ನೂ ಒಂದೇ ಮಮತೆಯಿಂದ ನೋಡಿಕೊಂಡಿದ್ದರು. ಬೆಳಕಿನಿಂದ ಅಣುವನ್ನು ಹಿಡಿದು ನಿಲ್ಲಿಸುವ ಯಂತ್ರಗಳ ಸುದ್ದಿಯನ್ನು ಹಳೆಯ ಪತ್ರಿಕೆಗಳಲ್ಲಿ ಓದಿ, "ರಿಟೈರ್ ಆಗೂದರಾಗ ಒಮ್ಮಿ ಕಣ್ಣಾರೆ ನೋಡಬೇಕ್ರಿ" ಎಂದು ಆಗಾಗ ಹೇಳುತ್ತಿದ್ದರು. ಆಗ ಅವರ ದನಿ ಸಣ್ಣದಾಗುತ್ತಿತ್ತು.

ತೊಂಬತ್ತೊಂಬತ್ತರ ದೀಪಾವಳಿಯ ಹೊತ್ತಿಗೆ ಆ ಆಸೆ ತಾನೇ ಬಸ್ಸು ಹತ್ತಿ ಇಂಡಿಗೆ ಬರುವಂತಾಯಿತು. ಅಂಥ ಯಂತ್ರಗಳನ್ನು ತಯಾರಿಸಲು ಹೊರಟಿದ್ದ ಪುಣೆಯ ಕಡೆಯ ಕಂಪನಿಯೊಂದು ವಿಜಾಪುರ ಜಿಲ್ಲೆಯಲ್ಲಿ ಬಂಡವಾಳ ಹೂಡಲು ಸ್ಥಳ ನೋಡುತ್ತಿದೆ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಿಂದ ಒಬ್ಬೊಬ್ಬರು ವಿಜಾಪುರಕ್ಕೆ ಬಂದು ತಮ್ಮ ತಮ್ಮ ನೆಲದ ಯೋಗ್ಯತೆಯನ್ನು ವಿವರಿಸಬೇಕು ಎಂಬ ಸುದ್ದಿ ಬಂತು. ನಾಲ್ಕೂ ಊರುಗಳಿಗೆ ಏಕಕಾಲಕ್ಕೆ ಜ್ವರ ಹತ್ತಿತು. ಬಾಗೇವಾಡಿಯವರು ಆಲಮಟ್ಟಿ ಅಣೆಕಟ್ಟಿನಿಂದ ಇನ್ನೂ ಬರಬೇಕಿದ್ದ ಕರೆಂಟನ್ನು ತಮ್ಮ ಹಿತ್ತಲಿನ ಬೆಳೆಯೆಂಬಂತೆ ಮಾತಾಡತೊಡಗಿದರು. ಮುದ್ದೇಬಿಹಾಳದವರು ಕೃಷ್ಣೆಯನ್ನು ಮುಂದೆ ಮಾಡಿದರು. ನಮ್ಮ ಸಿಂದಗಿಯವರು, ಮಾತಿಗೆ ನಮ್ಮಲ್ಲಿ ಎಂದೂ ಬರವಿಲ್ಲ, ಒಬ್ಬ ವಕೀಲರನ್ನು ಆರಿಸಿದರು. ಇಂಡಿಯಲ್ಲಿ ನಿಂಬೆಯ ದಲಾಲ ಮೋದಿನಸಾಬರ ಅಂಗಡಿಯ ಮುಂದೆ ಹಿರಿಯರೆಲ್ಲ ಸೇರಿ ಅಂಜುಟಗಿ ಮಾಸ್ತರರ ಹೆಸರು ಹೇಳಿದರು. "ಮಾಸ್ತರ, ಊರ ಮಾನ ನಿಮ್ಮ ಕೈಯಾಗೈತಿ" ಎಂದರು ಮೋದಿನಸಾಬರು. ಮಾಸ್ತರರು ಎದ್ದು ನಿಂತು, ಕಂಪನಿ ಇಂಡಿಗೆ ಬರುವುದಾದರೆ ತಮ್ಮ ನಿಂಬೆ ತೋಟವನ್ನೇ ಅದಕ್ಕೆ ಬಿಟ್ಟುಕೊಡುವೆನೆಂದರು. ಫಲ ಬಿಡುವ ಗಿಡಗಳನ್ನು ಕಡಿಸಲು ಸಿದ್ಧನಾದವನನ್ನು ಕಂಡು ಮೋದಿನಸಾಬರೇ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡರು.

ಕಂಪನಿಯವರು ಕೇಳಿದ ಸಂಗತಿಗಳಲ್ಲಿ ನೀರು, ಕರೆಂಟು, ರಸ್ತೆ ಇವೆಲ್ಲ ಇದ್ದವು. ಕೊನೆಯಲ್ಲಿ ಇನ್ನೊಂದಿತ್ತು: ನೆಲ ಅಲುಗಬಾರದು. ಅಣುವನ್ನು ಹಿಡಿದು ಅಳೆಯುವ ಯಂತ್ರಕ್ಕೆ ಕೂದಲೆಳೆಯಷ್ಟು ನಡುಕವೂ ಆಗದು. ಉಳಿದ ಮೂರು ಊರಿನವರು ಅದನ್ನು ಓದಿ ಮುಂದೆ ಹೋದರು. ವರ್ಷಗಟ್ಟಲೆ ಚಪ್ಪಲಿ ಕಳಚಿ ನಿಂತವರಿಗೆ ಮಾತ್ರ ಅದು ತಮಗೇ ಕೇಳಿದ ಪ್ರಶ್ನೆಯೆನಿಸಿತು. ಅವರು ಮನೆಯಲ್ಲಿ ಹಿಟ್ಟು ನಾದುವ ಹಿತ್ತಾಳೆಯ ಪರಾತವನ್ನು ತೆಗೆದುಕೊಂಡು, ತೋಟದ ಕೋಣೆಯಲ್ಲಿ ಇಟ್ಟು, ನೀರು ತುಂಬಿ, ಕಿಟಕಿಯ ಬಿಸಿಲು ಅದರ ಮೇಲೆ ಬೀಳುವಂತೆ ಮಾಡಿದರು. ನೀರಿನಿಂದ ಚಿಮ್ಮಿದ ಬೆಳಕು ಮೇಲ್ಛಾವಣಿಗೆ ತಗುಲಿ ಬಿಲ್ಲೆಯಾಗಿ ಕೂತಿತು. ನೆಲ ಎಷ್ಟೇ ಸಣ್ಣಗೆ ಅಲುಗಿದರೂ ಆ ಬಿಲ್ಲೆ ಚಾಡಿ ಹೇಳುತ್ತಿತ್ತು. ಇದು ಬರೀ ಅಂದಾಜು, ನಿಜವಾದ ಉಪಕರಣ ತಮ್ಮಲ್ಲಿಲ್ಲ ಎಂದು ಅವರೇ ಹೇಳಿದರು.

ಕಬ್ಬಿನ ಹಂಗಾಮು ಆಗ ತಾನೆ ಶುರುವಾಗಿತ್ತು. ದೂರದ ರಸ್ತೆಯಲ್ಲಿ ಕಾರ್ಖಾನೆಗೆ ಹೊರಟ ಲಾರಿಯೊಂದು ಹಾದದ್ದೇ ತಡ, ಛಾವಣಿಯ ಬೆಳಕು ಮೈನಡುಗಿ ಚೂರುಚೂರಾಯಿತು. ಮಾಸ್ತರರು ಇನ್ನೊಂದು ಮೂಲೆಯಲ್ಲಿಟ್ಟು ನೋಡಿದರು, ಬಿಸಿಲು ಮೂಡಿದೊಡನೆ ನೋಡಿದರು, ಸಂತೆಯಿಲ್ಲದ ದಿನ ನೋಡಿದರು. ನಮ್ಮ ಎರೆಮಣ್ಣು ಮೃದು, ಆಳ. ಎಲ್ಲಿಯದೋ ನಡುಕವನ್ನು ಎಲ್ಲಿಗೋ ಮುಟ್ಟಿಸುತ್ತದೆ ಎಂದು ಅವರು ನನಗೆ ವಿವರಿಸಿದಾಗ ಅವರ ಮುಖ ಬಾಡಿತ್ತು. ಆಮೇಲಿನ ರವಿವಾರಗಳಲ್ಲಿ ಪರಾತವನ್ನು ಪಂಚೆಯಲ್ಲಿ ಸುತ್ತಿ ಉಳಿದ ತಾಲೂಕುಗಳಿಗೂ ಹೊರಟರು, ಜೊತೆಗೆ ನಾನು. ಅವರ ಹೆಂಡತಿ ಇಂದ್ರಾಬಾಯಿ ಬಾಗಿಲಲ್ಲಿ ನಿಂತು, "ಅಣ್ಣಾರ, ಇವರಿಗೆ ನೀವರ ಹೇಳ್ರಿ. ಸೂಟಿ ದಿನಾ ಪರಾತ ಊರೂರು ತಿರಗತೈತಿ, ನಾ ರೊಟ್ಟಿ ಹಿಟ್ಟು ಯಾವುದ್ರಾಗ ನಾದಲಿ?" ಎಂದರು. ಮಾಸ್ತರರು ಹಿಂತಿರುಗಿ ನೋಡದೆ ಬಿರಬಿರನೆ ನಡೆದರು.

ಸಿಂದಗಿಯ ನಮ್ಮ ಮನೆಯಲ್ಲಿಟ್ಟಾಗಲೂ ಬೆಳಕು ನಡುಗಿತು. ಪಕ್ಕದ ಮನೆಯವರು ಖಾರ ಕುಟ್ಟುತ್ತಿದ್ದುದರಿಂದ ಹಾಗಾಯಿತೆಂದು ನಾನು ವಾದಿಸಿದೆ. ಬಾಗೇವಾಡಿಯ ಹೆದ್ದಾರಿಯ ಬಳಿ ಬಿಲ್ಲೆ ನಿಲ್ಲಲೇ ಇಲ್ಲ. ಕೊನೆಗೆ ತಾಳಿಕೋಟೆಯ ದಾರಿಯಾಗಿ ಮುದ್ದೇಬಿಹಾಳ ಸೇರಿ, ಅಲ್ಲಿಂದ ಟೆಂಪೋದಲ್ಲಿ ಜೋತಾಡುತ್ತ ತಂಗಡಗಿಗೆ ಹೋದೆವು. ಊರಾಚೆ ಹಾಸುಗಲ್ಲಿನ ಮೇಲೆ ಒಂದು ಹಳೆಯ ಮಂಟಪ. ಅದರ ನೆರಳಿನಲ್ಲಿ ಕುರಿ ಕಾಯುವ ಮುದುಕಿ ರೇವವ್ವ ಕೂತಿದ್ದಳು. ಮಾಸ್ತರರು ಬಿಸಿಲು ಬೀಳುವ ಅಂಚಿನಲ್ಲಿ ಪರಾತ ಇಟ್ಟು, ಅವಳ ಕೊಡದಿಂದಲೇ ನೀರು ಬೇಡಿ ತುಂಬಿದರು. ಗಾಳಿ ಬಿದ್ದಿತ್ತು. ನೀರು ಶಾಂತವಾಯಿತು, ಕಲ್ಲಿನ ಛಾವಣಿಯ ಮೇಲೆ ಬೆಳಕು ಕೂತಿತು, ಯಾರೋ ಬಣ್ಣದಲ್ಲಿ ಬರೆದಿಟ್ಟ ಹಾಗೆ. ಅತ್ತ ಕಲ್ಲು ತುಂಬಿದ ಟ್ರ್ಯಾಕ್ಟರೊಂದು ಹಾದುಹೋಯಿತು. ಬಿಲ್ಲೆ ಮಿಸುಕಲಿಲ್ಲ.

"ಏನ ಹುಡಕಾಕತ್ತೀರಿ ಯಪ್ಪಾ?" ಎಂದಳು ರೇವವ್ವ.

"ಅಲಗದ ಜಾಗಾ ಬೇಕಾಗೇತವ್ವಾ."

"ಹಂಗಾದ್ರ ಸಿಕ್ಕತಲ್ಲ. ಮತ್ಯಾಕ ಮಾರಿ ಸಣ್ಣ ಮಾಡೀರಿ?"

ಮಾಸ್ತರರು ಬಗ್ಗಿ ಪರಾತದ ನೀರು ಚೆಲ್ಲಿದರು. ಜೀವಮಾನವೆಲ್ಲ ಹುಡುಕಿದ್ದು ಪರರ ಅಂಗಳದಲ್ಲಿ ಸಿಕ್ಕಿದವನ ಮುಖ ಹೇಗಿರುತ್ತದೆಂದು ನಾನು ಅಂದು ನೋಡಿದೆ, ಮತ್ತು ನನಗೆ ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಮರಳುವ ಬಸ್ಸಿನಲ್ಲಿ ಪರಾತವನ್ನು ತೊಡೆಯ ಮೇಲಿಟ್ಟುಕೊಂಡು ಇಡೀ ದಾರಿ ಕಿಟಕಿಯ ಹೊರಗೇ ನೋಡುತ್ತಿದ್ದರು.

ಸುದ್ದಿ ಮೋದಿನಸಾಬರಿಗೆ ತಿಳಿದಾಗ ಅವರು ಬಂದು ಸಮಾಧಾನದಿಂದಲೇ ಮಾತಾಡಿದರು. "ಸುಳ್ಳ ಹೇಳ್ರಿ ಅಂತ ನಾ ಅನ್ನೂದಿಲ್ಲ ಮಾಸ್ತರ. ತಂಗಡಗಿ ಮಾತ ನೀವು ಎತ್ತಬ್ಯಾಡ್ರಿ, ಇಷ್ಟ. ಅದನ್ನ ಹೇಳಾಕ ಮುದ್ದೇಬಿಹಾಳದವರು ಅದಾರಲ್ಲ." ನನಗೂ ಅದು ನ್ಯಾಯವೆನಿಸಿತು, ಹಾಗೆಂದೇ ಹೇಳಿದೆ. ಮಾಸ್ತರರು ಜೇಬಿನ ನಿಂಬೆಕಾಯಿಯನ್ನು ಕೈಯಲ್ಲಿ ಹೊರಳಿಸುತ್ತ, "ನೋಡೂಣು" ಎಂದಷ್ಟೇ ಅಂದರು.

ವಿಜಾಪುರದ ಸಭೆಯಲ್ಲಿ ಸಿಂದಗಿಯ ವಕೀಲರು ಮಾತಾಡಿದ್ದೇ ಮಾತಾಡಿದ್ದು; ಕಂಪನಿಯ ಕಡೆಯಿಂದ ಬಂದಿದ್ದ, ನಮ್ಮ ಸೀಮೆಯವಳೇ ಆದ ಹೆಣ್ಣುಮಗಳೊಬ್ಬಳು ಮೂರು ಸಲ ಗಡಿಯಾರ ನೋಡಿದಳು. ಬಾಗೇವಾಡಿಯವರು ಆಲಮಟ್ಟಿಯನ್ನು ಹೊಗಳಿದರು. ಮುದ್ದೇಬಿಹಾಳದ ಪ್ರತಿನಿಧಿ ನದಿಯ ವರ್ಣನೆಯಲ್ಲೇ ಮುಳುಗಿ, ತಮ್ಮ ಬಂಡೆಯ ಬೆಲೆ ತಮಗೇ ತಿಳಿಯದೆ ಕೂತುಬಿಟ್ಟರು. ಕೊನೆಗೆ ಮಾಸ್ತರರ ಸರದಿ. ಇಂಡಿಯ ರೈಲು, ಇಂಡಿಯ ನಿಂಬೆ, ಇಂಡಿಯ ಓದುವ ಹುಡುಗಿಯರು, ತಾವು ಬಿಟ್ಟುಕೊಡುವ ತೋಟ ಎಲ್ಲವನ್ನೂ ಚೆಂದವಾಗಿ ಹೇಳಿದರು. ಗೋಡೆಗಾನಿ ನಿಂತಿದ್ದ ಮೋದಿನಸಾಬರ ಮುಖ ಅರಳಿತು. ಆಗ ಆ ಹೆಣ್ಣುಮಗಳು ಕೇಳಿದಳು: "ನೆಲ ಹ್ಯಾಂಗೈತ್ರಿ ಸರ್?"

ಮಾಸ್ತರರು, ನಾನು ಸಾವಿರ ಸಲ ನಕ್ಕ ಆ ಭಂಗಿಯಲ್ಲಿ, ಎರಡೂ ಅಂಗೈಗಳನ್ನು ಮೇಲೆತ್ತಿದರು. "ಇದು ನಮ್ಮ ಇಂಡಿ. ಇದು ಮುದ್ದೇಬಿಹಾಳ ತಾಲೂಕಿನ ತಂಗಡಗಿ. ನಮ್ಮ ನೆಲ ನಡಗತೈತ್ರಿ. ಅದು ನಡಗೂದಿಲ್ಲ. ನಾ ಎರಡೂ ಕಡೆ ನೋಡಿ ಬಂದೇನಿ" ಎಂದು ತಂಗಡಗಿಯ ಬಲಗೈಯನ್ನು, ತೂಕ ಹೆಚ್ಚಾದ ತಟ್ಟೆಯಂತೆ, ನಿಧಾನವಾಗಿ ಕೆಳಗಿಳಿಸಿದರು. ಇಂಡಿಯ ಎಡಗೈ ಮೇಲೆಯೇ ಉಳಿಯಿತು, ಖಾಲಿ. ಮುದ್ದೇಬಿಹಾಳದವರಿಗೆ ಚಪ್ಪಾಳೆ ತಟ್ಟುವುದೂ ಮರೆತುಹೋಗಿತ್ತು.

ಇಂಡಿಯಲ್ಲಿ ಅವರನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬಂದು ಕೂತರೆ ಚಹಾದಂಗಡಿಯ ಬೆಂಚು ಖಾಲಿಯಾಗುತ್ತಿತ್ತು. ಆ ವರ್ಷ ಮೋದಿನಸಾಬರ ಬಂಡಿ ಅವರ ತೋಟದ ಕಡೆಗೆ ತಿರುಗಲಿಲ್ಲ. ಕಾಯಿಗಳು ಹಣ್ಣಾಗಿ, ಉದುರಿ, ಗಿಡಗಳ ಬುಡವೆಲ್ಲ ಹಳದಿಯಾಯಿತು. ಇಂದ್ರಾಬಾಯಿ ಆದಷ್ಟನ್ನು ಆರಿಸಿ ಉಪ್ಪಿನಕಾಯಿ ಹಾಕಿ ಓಣಿಗೆಲ್ಲ ಹಂಚಿದರು. ಹಂಚುವಾಗ ಗಂಡನ ಬಗ್ಗೆ ಒಂದು ಕಹಿ ಮಾತನ್ನೂ ಆಡಲಿಲ್ಲ.

ಇಷ್ಟೆಲ್ಲ ಆಗಿ, ಕಂಪನಿ ತಂಗಡಗಿಗೂ ಬರಲಿಲ್ಲ. ವಿಮಾನ ನಿಲ್ದಾಣವಿರುವ, ಸರಕಾರವೇ ಪಾಲು ಹೂಡುವ ಬೇರೆ ಯಾವುದೋ ರಾಜ್ಯದ ದೊಡ್ಡ ಊರಿಗೆ ಅದು ಹೋಯಿತೆಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂತು. ನಾವು ನಾಲ್ಕು ಊರಿನವರು ಒಬ್ಬರನ್ನೊಬ್ಬರು ತೂಗಿಕೊಳ್ಳುತ್ತಿದ್ದಾಗ ನಮ್ಮೆಲ್ಲರನ್ನೂ ಒಂದೇ ತಟ್ಟೆಯಲ್ಲಿಟ್ಟು ಯಾರೋ ಎತ್ತಿ ಪಕ್ಕಕ್ಕಿಟ್ಟಿದ್ದರು. ಅಂದು ಸಂಜೆ ಮೋದಿನಸಾಬರು ತಾವಾಗಿಯೇ ಮಾಸ್ತರರ ಕಟ್ಟೆಗೆ ಬಂದು ಕೂತರು.

"ಕಂಪನಿ ಹ್ಯಾಂಗೂ ಎಲ್ಲೂ ಬರಲಿಲ್ಲ, ನಮ್ಮೂರನ್ನರ ಹೊಗಳಿ ಬರಬೇಕಿತ್ತಲ್ರಿ ಮಾಸ್ತರ."

"ಹೊಗಳಿಕಿ ಕೇಳಿದ್ರ ಬೇಕಾದಷ್ಟ ಹೊಗಳತಿದ್ದೆ ಮೋದಿನಸಾಬ್ರ. ಆಕಿ ಅಳತಿ ಕೇಳಿದ್ಳು."

ಮೋದಿನಸಾಬರು ನಾಳೆ ಬಂಡಿ ಕಳಿಸುತ್ತೇನೆಂದು ಹೇಳಿ ಎದ್ದರು.

ನಾನು ವರ್ಗವಾಗಿ ಸಿಂದಗಿಗೆ ಹೋದೆ. ಎರಡು ಸಾವಿರದ ಎಂಟರ ಚಳಿಗಾಲದಲ್ಲಿ, ಅವರು ನಿವೃತ್ತರಾದ ಮೇಲೆ, ನೋಡಿ ಬರಲು ತೋಟಕ್ಕೆ ಹೋಗಿದ್ದೆ. ಕಂದು ಕೋಟಿನ ಮೊಣಕೈಗೆ ತೇಪೆ ಬಿದ್ದಿತ್ತು. ಅವರು ಬಯಸಿದ ಯಂತ್ರವನ್ನು ಕಣ್ಣಾರೆ ನೋಡಿರಲಿಲ್ಲ. ಇನ್ನು ನೋಡುವಂತೆಯೂ ಇರಲಿಲ್ಲ. ಕೋಣೆಯ ಕಿಟಕಿಯ ಬಳಿ ಅದೇ ಪರಾತ, ಅದರಲ್ಲಿ ನೀರು. ಇಂದ್ರಾಬಾಯಿ ಅದನ್ನು ಗಂಡನಿಗೇ ಬಿಟ್ಟುಕೊಟ್ಟು ಹೊಸದೊಂದು ತಂದುಕೊಂಡಿದ್ದರಂತೆ. ದೂರದಲ್ಲಿ ಕಬ್ಬಿನ ಲಾರಿಗಳ ಸಾಲು. ಛಾವಣಿಯ ಮೇಲೆ ಬೆಳಕು ಎಡೆಬಿಡದೆ ಕುಣಿಯುತ್ತಿತ್ತು. ಮಾಸ್ತರರು ಮಂಚದ ಮೇಲೆ ಅಂಗಾತ ಮಲಗಿ ಅದನ್ನೇ ನೋಡುತ್ತ ನಕ್ಕರು. "ನಡಗಾಕತ್ತೈತಿ ನೋಡ್ರಿ ಕನ್ನಡದ ಸರ. ಅಂದ್ರ ಊರಾಗ ಕೆಲಸ ನಡದೈತಿ." ಹಾಗೆಂದು ಒಂದು ನಿಂಬೆಕಾಯಿ ನನ್ನ ಕೈಗಿಟ್ಟು, "ನಮ್ಮೂರು ಚಲೋ ಐತ್ರಿ" ಎಂದರು.

ಇಷ್ಟು ವರ್ಷ ಕಾದ ಸೇಡನ್ನು ನಾನು ಬಿಡಲಿಲ್ಲ. ಎರಡೂ ಅಂಗೈ ಎತ್ತಿ ಕೇಳಿದೆ: "ಯಾವುದಕ್ಕ ಹೋಲಿಸಿ?"

"ಹೋಲಿಸೂದು ಮಂದಿ ಕೇಳಿದಾಗ, ಸರ. ಇರಾಕ ಹೋಲಿಕಿ ಯಾಕ ಬೇಕು?"

ಇಂಥವರು ಪ್ರತಿ ತಾಲೂಕಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಊರಿನ ಅಭಿಮಾನಿಗಳ ಪಟ್ಟಿಯಲ್ಲಿ ಅವರ ಹೆಸರು ಬರುವುದಿಲ್ಲ, ಏಕೆಂದರೆ ಊರಿನ ಕೊರತೆಯನ್ನು ಕೇಳಿದವರ ಮುಂದೆ ಮುಚ್ಚಿಡಲು ಅವರಿಗೆ ಬರುವುದಿಲ್ಲ, ಮತ್ತು ಆ ಕೊರತೆಯ ನಡುವೆಯೇ ಹಾಸಿಗೆ ಹಾಸಿಕೊಂಡು ಮಲಗಲು ಅವರಿಗೆ ಬೇಸರವೂ ಇಲ್ಲ. ಅಂದು ಅಂಗಡಿಯ ಮುಂದೆ ಊರ ಮಾನದ ಬಗ್ಗೆ ಗಟ್ಟಿಯಾಗಿ ಮಾತಾಡಿದವರಲ್ಲಿ ಬಹಳ ಮಂದಿ ಈಗ ವಿಜಾಪುರದಲ್ಲಿ, ಸೊಲ್ಲಾಪುರದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಇಂಡಿಯನ್ನು ಎಲ್ಲರೆದುರು ಕಡಿಮೆ ತೂಗಿದ ಮನುಷ್ಯ ಇಂಡಿಯಲ್ಲೇ ಉಳಿದರು.